ಹುಳು ಕಾಣಬಾರದು

ಐದೂಕಾಲಿಗೆ ಕೋಥ್ರೂಡ್ ಬಿಟ್ಟರೆ
ಖಡಕ್‌ವಾಸಲಾ ದಾಟುವಾಗ ನೀರಿನ್ನೂ ಕಪ್ಪು.
ಸಿಂಹಗಡ ಹತ್ತುವವರು ಹತ್ತಲಿ,
ನನ್ನ ಸ್ಕೂಟರು ಕಣಿವೆಗೆ.
ಸೀಟಿನ ಕೆಳಗೆ ಐಸ್‌ಕ್ರೀಮಿನ ಹಳೇ ಡಬ್ಬಿ,
ಡಬ್ಬಿಯಲ್ಲಿ ಗೋಧಿ ತೌಡು,
ತೌಡಿನಲ್ಲಿ ಮುನ್ನೂರು ಹುಳು.
ಕಿವಿಯಿಟ್ಟರೆ ಕೇಳುತ್ತದೆ,
ಯಾರೋ ದೂರದಲ್ಲಿ ಕಾಗದ ಮಡಚುವ ಸದ್ದು.

ಗಜರಾಬಾಯಿ ಯೆನಪುರೆ ಆಗಲೇ ಎದ್ದು
ಮಣ್ಣಿನ ಬೋಗುಣಿ ತಿಕ್ಕಿ ನೀರು ತುಂಬಿದ್ದಾಳೆ.
ಜೇವ್ಲೀಸ್ ಕಾ? ಅನ್ನುತ್ತಾಳೆ. ಊಟವಾಯಿತೇ?
ಬೆಳಗಿನ ಆರಕ್ಕೆ ಯಾರ ಊಟ ಆಗಿರುತ್ತದೆ!
ಅವಳಿಗೆ ಗೊತ್ತಿರುವ ನಮಸ್ಕಾರ ಅದೊಂದೇ.

ತಲೆಗೆ ನಾನೂರು, ಚಹಾ ಸೇರಿ.
ಹಸಿರು ತಾಡಪತ್ರಿಗೆ ನಾಲ್ಕು ತೂತು,
ತೂತಿಗೊಂದು ಪ್ಲಾಸ್ಟಿಕ್ ಸ್ಟೂಲು.
ಇದೇ ಜಾಗದಲ್ಲಿ ಮೊದಲು ಜೋಳವಿತ್ತಂತೆ,
ಅಟ್ಟದ ಮೇಲೆ ನಿಂತು ಕವಣೆ ಬೀಸುತ್ತಿದ್ದಳಂತೆ.
ಈಗ ಅದೇ ಕೈ
ಹುಳುವಿನ ಡಬ್ಬಿಯನ್ನು ಟಕ್ ಟಕ್ ಅನ್ನಿಸುತ್ತದೆ,
ಕಾಡು ಕಿವಿ ನಿಮಿರಿಸುತ್ತದೆ.

ಪಾಚಿ ಹಿಡಿದ ಕೊರಡು ಆರಿಸುವುದು ನಾನು.
ಹಿಂದಿನ ಮಗ್ಗುಲಿಗೆ ಹೆಬ್ಬೆಟ್ಟಿನಷ್ಟು ಕುಳಿ,
ಕುಳಿಯೊಳಗೆ ಐದೇ ಹುಳು.
ಹುಳುವನ್ನು ಹಕ್ಕಿ ನೋಡಬೇಕು,
ಹಕ್ಕಿಯನ್ನು ನಾವು ನೋಡಬೇಕು,
ಹುಳುವನ್ನು ನಾವು ನೋಡಬಾರದು.
ಈ ಕಸುಬಿನ ಮಡಿ ಇಷ್ಟೇ.

ನನಗೇನೂ ಕಷ್ಟವಲ್ಲ ಇದು.
ವಾರದ ಆರು ದಿನ ಹಲ್ಲು ಮಾಡುವವಳು ನಾನು.
ಸದಾಶಿವ ಪೇಠೆಯ ಲ್ಯಾಬಿನಲ್ಲಿ
ಪಿಂಗಾಣಿಗೆ ತುಸು ಚಹಾದ ಕಲೆ ಬಳಿದು
ಅಂಚಿನಲ್ಲೊಂದು ಕೂದಲೆಳೆ ಬಿರುಕು ಬರೆದು
ಕಟ್ಟಿಸಿದ್ದೆಂದು ಹೆಂಡತಿಗೂ ತಿಳಿಯದ ಹಾಗೆ.

ಮೊದಲು ಬಂದವು ಹರಟೆಮಲ್ಲಗಳು, ಏಳು,
ಕರೆಯದ ನೆಂಟರು, ಬಾಯಿ ಬೇರೆ ಜೋರು.
ಆಮೇಲೆ ಪಿಕಳಾರ. ಆಮೇಲೆ ಮಡಿವಾಳ.
ಇವುಗಳಿಗಾಗಿ ಯಾರೂ ಬೆರಳು ಒತ್ತುವುದಿಲ್ಲ.
ಉಂಡು, ಕೊಕ್ಕು ಒರೆಸಿ ಹೋಗುತ್ತವೆ.

ಎಂಟೂವರೆಗೆ ತರಗೆಲೆ ಒಂದು ತಾನಾಗಿ ತಿರುಗಿತು.
ನವರಂಗ.
ಕನ್ನಡಕ್ಕೂ ಮರಾಠಿಗೂ ಅದು ನವರಂಗವೇ,
ಅವಳೂ ನಾನೂ ಒಟ್ಟಿಗೆ ಪಿಸುಗುಟ್ಟಿದೆವು.
ಮಳೆಗೆ ನಾಲ್ಕು ದಿನ ಮುಂಚೆ
ಎಲ್ಲಿಂದಲೋ ರಾತ್ರಿಯೆಲ್ಲ ಹಾರಿ ಬಂದದ್ದು,
ಎದೆಮೂಳೆ ಚೂಪಾಗಿ ಕಾಣುತ್ತಿತ್ತು.
ಕೊರಡಿಗೆ ಜಿಗಿಯಿತು. ಕತ್ತು ಓರೆ ಮಾಡಿತು.
ನಾಲ್ಕು ತೂತುಗಳಲ್ಲಿ ನಾಲ್ಕು ಯಂತ್ರ
ಒಮ್ಮೆಲೇ ಹುರಿಗಡಲೆ ಅಗಿದಂತೆ.

ರಾತ್ರಿ ಮನೆಯಲ್ಲಿ ಚಿತ್ರವನ್ನು ಹಿಗ್ಗಿಸಿದೆ.
ತಾಡಪತ್ರಿಯ ದಾರದ ತುಣುಕು ಅಳಿಸಿದೆ.
ಕೊಕ್ಕಿನಂಚಿಗೆ ಅಂಟಿದ್ದ ತೌಡಿನ ಪುಡಿ ಅಳಿಸಿದೆ.
ಇನ್ನೂ ಹಿಗ್ಗಿಸಿದೆ. ಕಣ್ಣು ಪರದೆಯಷ್ಟಾಯಿತು.
ಕಪ್ಪು ಪಟ್ಟಿಯೊಳಗೆ ಕಪ್ಪು ಕಣ್ಣು,
ಅದರೊಳಗೊಂದು ಬೆಳಕಿನ ಹನಿ,
ಹನಿಯ ಮಗ್ಗುಲಿಗೆ ಅರಿಸಿನ ಬಣ್ಣದ ಚುಕ್ಕೆ.
ಎಲೆಯೋ? ಗಜರಾಬಾಯಿಯ ಸೆರಗೋ?
ಆ ಹೊತ್ತಿಗೆ ಅವಳು ಚಹಾಕ್ಕೆ ಎದ್ದಿದ್ದಳು,
ಅದು ನೆನಪಿದೆ.

ಅಳಿಸುವ ಬಾಣ ಅಲ್ಲಿಯವರೆಗೂ ಹೋಯಿತು.
ಕಣ್ಣಿನ ಬೆಳಕಿಗೆ ಕೈ ಹಾಕಿದರೆ
ಹಕ್ಕಿ ಸತ್ತಂತೆ ಕಾಣುತ್ತದೆ,
ಕಲಿಯುವಾಗ ಮೊದಲ ದಿನ ಹೇಳಿಕೊಡುವ ಪಾಠ.
ಹಾಗೇ ಬಿಟ್ಟೆ.

ಮುಂದಿನ ಭಾನುವಾರ ದೊಡ್ಡದಾಗಿ ಅಚ್ಚು ಹಾಕಿಸಿ
ಅವಳ ಕೈಗಿಟ್ಟೆ.
ಹಿಟ್ಟಿನ ಕೈ ಸೆರಗಿಗೆ ಒರೆಸಿ ಹಿಡಿದಳು,
ದೂರ ಹಿಡಿದಳು, ಹತ್ತಿರ ಹಿಡಿದಳು,
ಕೊರಡಿನ ಹಿಂದೆ ಏನಾದರೂ ಇದೆಯೇ ಎಂದು
ತಿರುಗಿಸಿಯೂ ನೋಡಿದಳು.
ಬೆಳ್ಳಗಿತ್ತು ಹಿಂಬದಿ.

ಚೆನ್ನಾಗಿದೆಯಾ, ಅಂತ ಕೇಳಿದೆ.
ಕೇಳಿಸಲಿಲ್ಲವೇನೋ.
ಅದರ ಹೊಟ್ಟೆಯ ಮೇಲೆ, ಆ ಕೆಂಪಿನ ಮೇಲೆ ಬೆರಳಿಟ್ಟು
ನನ್ನನ್ನಲ್ಲ, ಅದನ್ನೇ ಕೇಳಿದಳು:
ಜೇವ್ಲಾಸ್ ಕಾ?